ಮಳೆ ಹಿಡಿಯುವ ಮೊದಲು ಆರ್ಕಿಡ್ ಕುಂಡದೊಳಗೆ ಬೆರಳು ಹಾಕಿ ನೋಡಿ

ಮೇ ತಿಂಗಳ ಕೊನೆಯ ಭಾನುವಾರ ಶಿರಸಿಯಲ್ಲಿ, ಮನೆಯಂಗಳದಲ್ಲಿ ಹೂಗಿಡ ಬೆಳೆಸುವವರ ಮುಂದೆ ಆಡಿದ ಮಾತು ಇದು. ಅವತ್ತು ಬರಲಾಗದವರು ಬರೆದು ಕೊಡಿ ಅಂದರು. ಆದಷ್ಟು ಮಾತಾಡಿದ ಹಾಗೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಇಬ್ಬರು ನನ್ನನ್ನು ನಿಲ್ಲಿಸಿ, ಆರ್ಕಿಡ್‌ಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಅಂತ ಕೇಳಿದರು. ಕುಂಡದಲ್ಲಿ ಏನು ತುಂಬಿದ್ದೀರಿ, ತುಂಬಿ ಎಷ್ಟು ಕಾಲ ಆಯಿತು ಅಂತ ನಾನು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ತರುವಾಗ ಏನಿತ್ತೋ ಅದೇ ಇದೆ ಅಂದರು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಆರ್ಕಿಡ್ ಕುಂಡಕ್ಕೆ ಮಣ್ಣಿನ ಬದಲು ಮರದ ತೊಗಟೆಯ ಚಕ್ಕೆ ತುಂಬುತ್ತೇವೆ. ನೀರಿನ ಲೆಕ್ಕ ಇರುವುದು ಆ ತೊಗಟೆಯಲ್ಲಿ. ತೊಗಟೆ ಹಳತಾದ ಹಾಗೆ ಆ ಲೆಕ್ಕ ಬದಲಾಗುತ್ತಾ ಹೋಗುತ್ತದೆ. ಇದು ಅರ್ಥವಾಗುವ ಹೊತ್ತಿಗೆ ನಾನು ಒಂದೇ ಮಳೆಗಾಲದಲ್ಲಿ ಏಳು ಗಿಡ ಕಳೆದುಕೊಂಡಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆಯನ್ನೇ ನೋಡೋಣ. ಈಗ ಹೂ ಬಿಡುವ ಕಾಲ ಅಲ್ವಾ, ಹಳೇ ಹಲಸಿನ ಮರದ ಮೇಲೆ, ಮಾವಿನ ಮರದ ಕವಲಿನಲ್ಲಿ, ನರಿಯ ಬಾಲದ ಹಾಗೆ ಇಳಿಬಿದ್ದ ಗೊಂಚಲು. ಇನ್ನು ಹತ್ತು ದಿನಕ್ಕೆ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಅದು ನೆನೆಯುತ್ತಲೇ ಇರುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಘಟ್ಟದ ಕೆಳಗೆ ಕಾರವಾರದಲ್ಲಿ ಅದಕ್ಕಿಂತ ಜಾಸ್ತಿ. ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಆದರೂ ಮರದ ಮೇಲಿನ ಸೀತಾಳೆ ಕೊಳೆಯುವುದಿಲ್ಲ. ಅಂಥದ್ದೇ ಒಂದು ಗಿಡವನ್ನು ಮಣ್ಣು ತುಂಬಿದ ಕುಂಡದಲ್ಲಿ ಊರಿ, ಮಳೆ ತಾಗದ ಹಾಗೆ ಜಗುಲಿಯಲ್ಲಿಟ್ಟು, ದಿನಾ ಒಂದು ಚೊಂಬು ನೀರು ಹಾಕಿ ನೋಡಿ. ಒಂದು ಮಳೆಗಾಲ ದಾಟುವುದಿಲ್ಲ. ಮರದ ಮೇಲಿನದಕ್ಕೂ ನೀರು ಕಡಿಮೆಯೇನೂ ಸಿಕ್ಕಿಲ್ಲ. ಹಾಗಿದ್ದರೂ ಅದು ಬದುಕಿತು, ಕುಂಡದ್ದು ಸತ್ತಿತು. ಮಳೆ ನಿಂತು ಸ್ವಲ್ಪ ಹೊತ್ತು ಗಾಳಿ ಬೀಸಿದರೆ ಮರದ ಮೇಲಿನ ಬೇರು ಆರುತ್ತದೆ. ಮಣ್ಣಿನೊಳಗೆ ಸಿಕ್ಕಿಕೊಂಡ ಬೇರಿಗೆ ಉಸಿರಾಡಲು ಗಾಳಿಯೇ ಇಲ್ಲ.

ಸೀತಾಳೆಯನ್ನು ಬಂದಳಿಕೆ ಅಂತ ತಿಳಿದು ಕಿತ್ತು ಎಸೆಯುವವರು ಈಗಲೂ ಇದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರದಿಂದ ಏನನ್ನೂ ಕಸಿಯುವುದಿಲ್ಲ, ತೊಗಟೆಯನ್ನು ಸುಮ್ನೆ ಹಿಡಿದುಕೊಂಡು ಕೂರುತ್ತದೆ. ದಯವಿಟ್ಟು ಕೀಳಬೇಡಿ. ಕುಂಡಕ್ಕೆ ಬೇಕು ಅಂತ ಕಾಡಿನಿಂದಲೂ ತರಬೇಡಿ. ನರ್ಸರಿಯಲ್ಲಿ ಬೆಳೆಸಿದ ಗಿಡ ಬೇಕಾದಷ್ಟು ಸಿಗುತ್ತದೆ.

ಈ ಫಲೆನಾಪ್ಸಿಸ್ ಅನ್ನುವ ಆರ್ಕಿಡ್‌ನ ಬೇರು ನೋಡಿ. ಈಗ ಬೆಳ್ಳಿಯ ಹಾಗೆ ಬೆಳ್ಳಗಿದೆ. ಇದರ ಮೇಲೆ ಒಂದು ಚಮಚ ನೀರು ಬಿಡುತ್ತೇನೆ. ನೋಡನೋಡುತ್ತಾ ಹಸಿರಾಯಿತು ಅಲ್ವಾ? ಹೊರಗಿನ ಬಿಳಿ ಪದರಕ್ಕೆ ವೆಲಾಮೆನ್ ಅನ್ನುತ್ತಾರೆ. ಅದು ಸತ್ತ ಕೋಶಗಳ ಪದರ, ಸ್ಪಂಜಿನ ಹಾಗೆ. ಒಣಗಿದಾಗ ಒಳಗೆ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತಾಗಿದ ತಕ್ಷಣ ಹೀರಿ ಪಾರದರ್ಶಕವಾಗುತ್ತದೆ, ಅಡಿಯ ಹಸಿರು ಹೊರಗೆ ಕಾಣುತ್ತದೆ. ಮಳೆ ಬಂದಾಗ ಬೇಗ ಬೇಗ ಕುಡಿದು, ಆಮೇಲೆ ನಿಧಾನಕ್ಕೆ ಒಳಗೆ ದಾಟಿಸಿ, ಮತ್ತೆ ಒಣಗಿ ನಿಲ್ಲುವುದಕ್ಕೆಂದೇ ಬೆಳೆದು ಬಂದ ಬೇರು ಇದು. ನೆನೆಯುವುದು, ಆರುವುದು, ಎರಡೂ ಬೇಕು. ಕುಂಡದಲ್ಲಿ ನಾವು ತೊಗಟೆ ತುಂಬುವುದು ಇದಕ್ಕೇ. ಚಕ್ಕೆ ಒಂದಷ್ಟು ನೀರು ಹಿಡಿದಿಡುತ್ತದೆ, ಚಕ್ಕೆ ಚಕ್ಕೆಯ ಸಂದಿಯಲ್ಲಿ ಗಾಳಿ ಇರುತ್ತದೆ. ಆ ಸಂದಿ ಇರುವಷ್ಟು ದಿನ ಗಿಡ ಕ್ಷೇಮ.

ಈಗ ನನ್ನ ಏಳು ಗಿಡದ ವಿಷಯ. ಹೊಸ ತೊಗಟೆಯಲ್ಲಿ ನೆಟ್ಟ ಮೊದಲ ವರ್ಷ ನಾಲ್ಕು ದಿನಕ್ಕೊಮ್ಮೆ ನೀರು ಹಾಕುತ್ತಿದ್ದೆ. ಎಲೆ ದಪ್ಪ, ಬೇರು ದಪ್ಪ, ಹೂವು ಮೂರು ತಿಂಗಳು ನಿಂತಿತ್ತು. ಎರಡನೇ ವರ್ಷವೂ ಹಾಗೇ. ಮೂರನೇ ವರ್ಷ ಪುನರ್ವಸು ಮಳೆ ಹೊಡೆಯುತ್ತಿದ್ದಾಗ ಎಲೆಗಳು ಬಾಡಿ ಸುಕ್ಕುಗಟ್ಟಿದವು. ಎಲೆ ಸುಕ್ಕಾದರೆ ಯಾರಿಗಾದರೂ ಏನನ್ನಿಸುತ್ತದೆ? ನೀರು ಸಾಲುತ್ತಿಲ್ಲ ಅಂತ. ನಾನು ಎರಡು ದಿನಕ್ಕೊಮ್ಮೆ ಹಾಕಲು ಶುರು ಮಾಡಿದೆ. ಎಲೆ ಇನ್ನಷ್ಟು ಸುಕ್ಕಾಯಿತು. ಕೊನೆಗೆ ಒಂದು ಗಿಡ ಎತ್ತಿದರೆ ಬುಡ ಕೈಗೇ ಬಂತು. ಕೆಳಗೆ ಬೇರೇ ಇರಲಿಲ್ಲ. ತೊಗಟೆ ಅನ್ನುವುದು ಕಾಫಿ ಚರಟದ ಹಾಗೆ ಕಪ್ಪಾಗಿ, ಹಿಂಡಿದರೆ ನೀರು ಬರುವಂತಿತ್ತು. ಬೇರು ಕೊಳೆತ ಗಿಡ ನೀರು ಕುಡಿಯಲಾರದು, ಅದಕ್ಕೆ ಎಲೆ ಸುಕ್ಕು. ಬಾಯಾರಿದ ಗಿಡವೂ ಹಾಗೇ ಕಾಣುತ್ತದೆ, ಮುಳುಗುತ್ತಿರುವ ಗಿಡವೂ ಹಾಗೇ ಕಾಣುತ್ತದೆ. ಎಲೆ ನೋಡಿ ತೀರ್ಮಾನಕ್ಕೆ ಬರಬೇಡಿ. ಬೇರು ನೋಡಿ, ತೊಗಟೆ ನೋಡಿ. ಎಲೆ ಸುಕ್ಕಾಗುವ ತನಕ ನಾನು ಹಾಕಿದ ನೀರು ಒಂದೇ ಅಳತೆಯದ್ದು. ತೊಗಟೆ ಮಾತ್ರ ಮೊದಲಿನದಾಗಿ ಉಳಿದಿರಲಿಲ್ಲ.

ಹಾಗಾದರೆ ಎಂಥ ತೊಗಟೆ ತರಬೇಕು? ಆರ್ಕಿಡ್‌ಗೆ ಸಾಮಾನ್ಯವಾಗಿ ಬಳಸುವುದು ಪೈನ್ ಮರದ್ದು. ನಮ್ಮ ಪಶ್ಚಿಮಘಟ್ಟದಲ್ಲಿ ಪೈನ್ ತಾನಾಗಿ ಬೆಳೆಯುವುದಿಲ್ಲ. ನಮಗೆ ಸಿಗುವುದು ಹಿಮಾಲಯದ ಚಿರ್ ಪೈನ್‌ನದ್ದು, ಇಲ್ಲವೇ ನ್ಯೂಜಿಲೆಂಡಿನಿಂದ ಬರುವ ರೇಡಿಯಾಟಾ ಪೈನ್‌ನದ್ದು. ಅಮೆರಿಕದಲ್ಲಿ 1950ರ ದಶಕದ ತನಕ ಆಸ್ಮುಂಡಾ ಅನ್ನುವ ಜರಿಗಿಡದ ಬೇರಿನ ನಾರಿನಲ್ಲಿ ಆರ್ಕಿಡ್ ಬೆಳೆಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ ಮರದ ಮಿಲ್ಲುಗಳಲ್ಲಿ ಉಳಿಯುತ್ತಿದ್ದ ಫರ್ ಮರದ ತೊಗಟೆಗೆ ಬಂದರು. ಇಂಥ ಮರಗಳ ಹೊರತೊಗಟೆ ದಪ್ಪ, ಬೆಂಡಿನ ಹಾಗೆ ಪದರ ಪದರ, ಅಂಟು ಬೇರೆ ಇರುತ್ತದೆ. ಅದಕ್ಕೇ ಬೇಗ ಕೊಳೆಯುವುದಿಲ್ಲ.

ಇಲ್ಲಿ ಒಬ್ಬರು ಎದ್ದು ಕೇಳಿದರು, ನಮ್ಮ ಬೆಟ್ಟದಲ್ಲೇ ಮತ್ತಿ, ಅಕೇಶಿಯಾ ಇದೆ, ಕಾರವಾರದ ಕಡೆ ಗಾಳಿಮರ ಇದೆ, ಅದರ ತೊಗಟೆ ಆಗುವುದಿಲ್ಲವೇ ಅಂತ. ಒಳ್ಳೆಯ ಪ್ರಶ್ನೆ. ನಾನು ಅಕೇಶಿಯಾ ಪ್ರಯತ್ನ ಮಾಡಿದ್ದೇನೆ. ನಾರು ಜಾಸ್ತಿ, ಒಳತೊಗಟೆ ಜಾಸ್ತಿ, ಒಂದು ಮಳೆಗಾಲಕ್ಕೆ ಮೆತ್ತಗಾಯಿತು. ಗಾಳಿಮರದ್ದು ತೆಳು ಪಟ್ಟಿಯಾಗಿ ಏಳುತ್ತದೆ, ಕುಂಡದಲ್ಲಿ ಒಂದರ ಮೇಲೊಂದು ಅಂಟಿ ಕೂರುತ್ತದೆ. ಮತ್ತಿಯದ್ದನ್ನು ನಾನು ಮುಟ್ಟಿಲ್ಲ. ನಿಂತ ಮರದ ತೊಗಟೆ ಕೆತ್ತಿದರೆ ಮರಕ್ಕೇ ಪೆಟ್ಟು. ಒಂದು ಹೂವಿನ ಕುಂಡಕ್ಕಾಗಿ ಅದನ್ನು ಮಾಡುವುದು ಬೇಡ.

ಪ್ಯಾಕೆಟ್ ಕೊಳ್ಳುವಾಗ ಒಂದು ವಿಷಯ ನೋಡಿ. ನಾನು ಒಮ್ಮೆ ಪೇಟೆಯ ಅಂಗಡಿಯೊಂದರಿಂದ ದೊಡ್ಡ ಚೀಲ ತಂದೆ. ಮನೆಗೆ ಬಂದು ಸುರಿದರೆ ಕಾಲುಭಾಗ ಕಟ್ಟಿಗೆಯ ಚೂರು, ಇನ್ನಷ್ಟು ಪುಡಿ. ಕಟ್ಟಿಗೆ ಬೇರೆ, ತೊಗಟೆ ಬೇರೆ. ಮುರಿದು ನೋಡಿ. ತೊಗಟೆ ಚಕ್ಕೆ ಪಟ್ ಅಂತ ಮುರಿಯುತ್ತದೆ, ಕಂದುಗೆಂಪು ಪದರ ಕಾಣುತ್ತದೆ. ಕಟ್ಟಿಗೆ ಬಿಳಿ, ನಾರುನಾರಾಗಿ ಸೀಳುತ್ತದೆ, ಮೊದಲು ಕೊಳೆಯುವುದೂ ಅದೇ. ಮೂಸಿ ನೋಡಿ. ಅಂಟಿನ ವಾಸನೆಯೋ, ಒಣ ಎಲೆಯ ವಾಸನೆಯೋ ಬಂದರೆ ಸರಿ. ಹುಳಿ ವಾಸನೆ ಬಂದರೆ ಬಿಟ್ಟುಬಿಡಿ.

ಗಾತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಜಾಸ್ತಿ ತಪ್ಪಾಗುವುದು ಇಲ್ಲೇ. ಚಕ್ಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ ಇರಬೇಕು. ಮನೆಗೆ ಸ್ಲ್ಯಾಬ್ ಹಾಕಿಸುವಾಗ ನೋಡಿದ್ದೀರಲ್ಲ, ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಹೋಗಿ ಗಾಳಿಗೂ ಜಾಗ ಇಲ್ಲದ ಹಾಗೆ ಗಟ್ಟಿಯಾಗುತ್ತದೆ. ದೊಡ್ಡ ಚಕ್ಕೆ, ಸಣ್ಣ ಚಕ್ಕೆ, ಪುಡಿ ಎಲ್ಲ ಒಟ್ಟಿಗೆ ತುಂಬಿದರೆ ಕುಂಡದಲ್ಲೂ ಅದೇ ಆಗುತ್ತದೆ. ನಮಗೆ ಬರೀ ಜಲ್ಲಿ ಬೇಕು. ಜರಡಿ ಹಿಡಿದು ಪುಡಿಯನ್ನು ಗುಲಾಬಿ ಬುಡಕ್ಕೆ ಹಾಕಿ. ಇನ್ನು ಎಷ್ಟು ದೊಡ್ಡದು? ಬೇರಿನ ದಪ್ಪ ನೋಡಿ, ಅದು ಆರ್ಕಿಡ್‌ನ ಜಾತಿಯಿಂದ ಜಾತಿಗೆ ಬೇರೆ. ಆನ್ಸಿಡಿಯಂ ಬೇರು ದಾರದ ಹಾಗೆ ತೆಳ್ಳಗೆ, ಬೇಗ ಒಣಗಿ ಸಾಯುತ್ತದೆ, ಅದಕ್ಕೆ ಕಡಲೆಕಾಳಿನ ಗಾತ್ರ ಸಾಕು, 6ರಿಂದ 12 ಮಿಲಿಮೀಟರ್. ಫಲೆನಾಪ್ಸಿಸ್‌ಗೆ ಅರ್ಧ ಅಡಿಕೆ ಹೋಳಿನಷ್ಟು, 12ರಿಂದ 18. ಕ್ಯಾಟ್ಲಿಯಾ ಅಂಥದ್ದಕ್ಕೆ ಇಡೀ ಚಾಲಿ ಅಡಿಕೆಯ ಗಾತ್ರ. ಡೆಂಡ್ರೋಬಿಯಂಗೆ ಕುಂಡ ಚಿಕ್ಕದಿರಲಿ, ಚಕ್ಕೆ ಮಧ್ಯಮ ಇರಲಿ. ವಾಂಡಾಕ್ಕೆ ಏನೂ ಬೇಡ, ಬುಟ್ಟಿಯಲ್ಲಿ ತೂಗುಹಾಕಿ. ನೀವು ಕುಮಟಾ, ಅಂಕೋಲಾ, ಕಾರವಾರದವರಾದರೆ ನಾನು ಹೇಳಿದ್ದಕ್ಕಿಂತ ಒಂದು ಗಾತ್ರ ದೊಡ್ಡದು ಹಾಕಿ. ಕರಾವಳಿಯಲ್ಲಿ ಸೆಕೆ ಇದ್ದರೂ ಗಾಳಿಯಲ್ಲಿ ತೇವ ಜಾಸ್ತಿ, ಕುಂಡ ನಿಧಾನಕ್ಕೆ ಆರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಶಿರಸಿಯ ಮಧ್ಯಾಹ್ನದ ಒಣಗಾಳಿಗೆ ನನ್ನ ಕುಂಡಗಳು ಎರಡು ದಿನದಲ್ಲಿ ಒಣಗುತ್ತವೆ. ಅದೇ ವಾರ ಕಾರವಾರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಅಂಥದ್ದೇ ಕುಂಡ ನಾಲ್ಕನೇ ದಿನವೂ ಒಳಗೆ ತಣ್ಣಗಿರುತ್ತದೆ.

ಹೊಸ ತೊಗಟೆಯನ್ನು ಚೀಲದಿಂದ ತೆಗೆದು ನೇರ ಕುಂಡಕ್ಕೆ ಹಾಕಬೇಡಿ. ಒಣ ತೊಗಟೆ ನೀರನ್ನು ಒಳಗೆ ಬಿಡುವುದಿಲ್ಲ. ಮೇಲಿಂದ ಹಾಕಿದ ನೀರು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರಿ ಕೆಳಗೆ ಹೋಗುತ್ತದೆ. ಬಕೆಟ್‌ನಲ್ಲಿ ಹಾಕಿ, ಮೇಲೆ ಒಂದು ತಟ್ಟೆ ಇಟ್ಟು, ಕಲ್ಲು ಹೇರಿ ಕನಿಷ್ಠ 24 ಗಂಟೆ ನೆನೆಸಿ. ನೀರು ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕೆಂಪಾಗುತ್ತದೆ. ಅದನ್ನು ಚೆಲ್ಲಿ ಇನ್ನೊಮ್ಮೆ ತೊಳೆಯಿರಿ. ನಾನು ಎರಡು ದಿನ ನೆನೆಸುತ್ತೇನೆ. ಇದ್ದಿಲು ಸೇರಿಸುವುದಾದರೆ, ಸೇರಿಸಿದರೆ ಒಳ್ಳೆಯದೇ, ಬಚ್ಚಲೊಲೆಯ ಇದ್ದಿಲನ್ನು ಬೂದಿ ಹೋಗುವ ತನಕ ಮೂರು ನಾಲ್ಕು ಸಲ ತೊಳೆದು ಹಾಕಿ. ಬೂದಿಯ ಕ್ಷಾರ ಬೇರಿಗೆ ಆಗುವುದಿಲ್ಲ.

ತೊಗಟೆಯ ಬದಲು ತೆಂಗಿನಕಾಯಿ ಸಿಪ್ಪೆ ಆಗುತ್ತದೆಯೇ ಅಂತ ಕೇಳಿದಿರಿ. ಪುಕ್ಕಟೆ ಸಿಗುತ್ತದೆ, ನಿಜ. ತೊಗಟೆಗಿಂತ ತುಂಬಾ ಜಾಸ್ತಿ ನೀರು ಹಿಡಿಯುತ್ತದೆ. ಮಾರ್ಚ್‌ನಲ್ಲಿ ಅದೇ ಗುಣ ಗಿಡ ಉಳಿಸುತ್ತದೆ, ಜುಲೈನಲ್ಲಿ ಅದೇ ಗುಣ ಗಿಡ ಕೊಲ್ಲುತ್ತದೆ. ಕರಾವಳಿಯ ಸಿಪ್ಪೆಯಲ್ಲಿ ಉಪ್ಪಿನ ಅಂಶವೂ ಇರುತ್ತದೆ, ಅದರಲ್ಲೂ ಉಪ್ಪುನೀರಿನಲ್ಲಿ ನೆನೆಹಾಕಿದ್ದಾದರೆ ಕೇಳಬೇಡಿ. ಚಿಕ್ಕದಾಗಿ ಕತ್ತರಿಸಿ, ನೀರು ಬದಲಾಯಿಸುತ್ತಾ ಒಂದು ವಾರ ನೆನೆಸಿ, ತೊಗಟೆಯ ನಾಲ್ಕು ಪಾಲಿಗೆ ಒಂದು ಪಾಲು ಮಾತ್ರ ಸೇರಿಸಿ. ಮಳೆಗಾಲಕ್ಕೆ ಅದೂ ಬೇಡ ಅಂತ ನನ್ನ ಅಭಿಪ್ರಾಯ.

ಅಂಗಡಿಯಿಂದ ತಂದ ಫಲೆನಾಪ್ಸಿಸ್ ಕುಂಡದ ಮೇಲೆ ತೊಗಟೆ ಕಾಣುತ್ತದೆ. ಬುಡದ ನಡುವೆ ಒಂದು ಮುಷ್ಟಿ ಪಾಚಿಯೋ, ನಾರಿನ ಪುಡಿಯೋ ಗಟ್ಟಿಯಾಗಿ ಕೂತಿರುತ್ತದೆ. ಎಳೆ ಸಸಿ ಬೆಳೆಸಿದ ಮುದ್ದೆ ಅದು. ಸುತ್ತಲಿನ ತೊಗಟೆ ಒಣಗಿದರೂ ಅದು ಹಸಿಯಾಗೇ ಇರುತ್ತದೆ. ಹೂವು ಮುಗಿದ ಮೇಲೆ ಗಿಡ ಎತ್ತಿ, ಆ ಮುದ್ದೆ ಬಿಡಿಸಿ ತೆಗೆದು, ಬರೀ ತೊಗಟೆಯಲ್ಲಿ ಮತ್ತೆ ನೆಡಿ. ಮೆತ್ತಗಾದ ಬೇರು ಕತ್ತರಿಸಿ, ಗಟ್ಟಿ ಬೇರು ಬಿಡಿ. ಇದೊಂದು ಕೆಲಸದಿಂದ ಎಷ್ಟೋ ಗಿಡ ಉಳಿಯುತ್ತವೆ.

ಇನ್ನು ನೀರು. ಹಾಕುವುದಾದರೆ ಪೂರ್ತಿ ಹಾಕಿ. ಅರ್ಧ ಲೋಟ ಚಿಮುಕಿಸುವುದರಿಂದ ಮೇಲಿನ ಚಕ್ಕೆ ಮಾತ್ರ ಒದ್ದೆಯಾಗುತ್ತದೆ, ಗೊಬ್ಬರದ ಉಪ್ಪು ಒಳಗೇ ಉಳಿಯುತ್ತದೆ. ಕೆಳಗಿನ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಮೊದಲ ಸಲ ಚಕ್ಕೆ ನೆನೆಯುತ್ತದೆ, ಎರಡನೇ ಸಲ ಕುಡಿಯುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೆಳಗ್ಗೆಯೇ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತು ರಾತ್ರಿಯಾದರೆ ಸುಳಿ ಕೊಳೆಯುತ್ತದೆ. ನಿಂತಿದ್ದರೆ ಬಟ್ಟೆಯ ಚೂರಿನಿಂದ ಒತ್ತಿ ತೆಗೆಯಿರಿ.

ಮತ್ತೆ ಯಾವಾಗ ಹಾಕುವುದು? ಕುಂಡ ಎತ್ತಿ ನೋಡಿ. ನೀರು ಹಾಕಿ ಬಸಿದ ಮೇಲೆ ಒಮ್ಮೆ ಎತ್ತಿ, ಆಮೇಲೆ ದಿನಾ ಬೆಳಗ್ಗೆ ಎತ್ತಿ. ಒಂದು ವಾರದಲ್ಲಿ ಕೈಗೆ ಅಂದಾಜು ಸಿಗುತ್ತದೆ. ಅಡುಗೆಮನೆಯ ತಕ್ಕಡಿ ಇದ್ದರೆ ಹಸಿ ತೂಕ, ಒಣ ತೂಕ ಎರಡನ್ನೂ ಚೀಟಿಯಲ್ಲಿ ಬರೆದು ಕುಂಡಕ್ಕೆ ಅಂಟಿಸಿ. ಬಿದಿರಿನ ಕಡ್ಡಿಯನ್ನು ತೊಗಟೆಯೊಳಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿದರೂ ಗೊತ್ತಾಗುತ್ತದೆ, ತಣ್ಣಗಿದ್ದರೆ ಇನ್ನೂ ಬೇಡ. ನೋಡಬೇಕಾದ್ದು ಕುಂಡದ ನಡುವಿನ ತೇವ. ಮೇಲಿನ ಚಕ್ಕೆ ಒಂದೇ ದಿನಕ್ಕೆ ಒಣಗುತ್ತದೆ, ಅದನ್ನು ನಂಬಬೇಡಿ.

ಇಗೋ, ಪಾತ್ರೆ ತೊಳೆಯುವ ಸ್ಪಂಜು ತಂದಿದ್ದೇನೆ. ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯುತ್ತೇನೆ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಂತಿತು. ಈಗ ಉದ್ದಕ್ಕೆ ನಿಲ್ಲಿಸುತ್ತೇನೆ. ನೋಡಿ, ಮತ್ತೆ ಸುರಿಯಿತು. ಒಳಗೆ ನೀರಿತ್ತು, ಇಳಿಯುತ್ತಿರಲಿಲ್ಲ ಅಷ್ಟೇ. ಪ್ರತಿ ಕುಂಡದ ತಳದಲ್ಲೂ ಹೀಗೆ ಇಳಿಯದೇ ಉಳಿಯುವ ನೀರಿನ ಒಂದು ಪದರ ಇರುತ್ತದೆ. ಹೊಸ ದಪ್ಪ ತೊಗಟೆಯಲ್ಲಿ ಅದು ಇಲ್ಲವೆನ್ನುವಷ್ಟು ತೆಳು. ತೊಗಟೆ ಪುಡಿಯಾದ ಹಾಗೆ ದಪ್ಪವಾಗುತ್ತಾ ಮೇಲೇರುತ್ತದೆ. ನನ್ನ ಗಿಡಗಳ ಬೇರು ಮುಳುಗಿದ್ದು ಇದರಲ್ಲೇ. ಹೊರಗಿಂದ ಏನೂ ಕಾಣಲಿಲ್ಲ, ಮೇಲಿನ ಚಕ್ಕೆ ಚೆನ್ನಾಗೇ ಇತ್ತು. ಅದಕ್ಕೇ ಹೇಳುತ್ತಿದ್ದೇನೆ, ಮಳೆ ಹಿಡಿಯುವ ಮೊದಲು ಪ್ರತಿ ಕುಂಡದ ತಳದ ತೂತಿಗೆ ಬೆರಳು ಹಾಕಿ. ಚಕ್ಕೆ ಗಟ್ಟಿ ಸಿಕ್ಕಿದರೆ ಈ ವರ್ಷ ಬಿಡಿ. ಮೆತ್ತಗೆ, ಮಣ್ಣಿನ ಹಾಗೆ ಸಿಕ್ಕಿದರೆ ಈ ವಾರವೇ ಬದಲಾಯಿಸಿ. ನಮ್ಮ ಹವೆಯಲ್ಲಿ ಪೈನ್ ತೊಗಟೆ ಎರಡು ಮಳೆಗಾಲ ಬರುತ್ತದೆ, ಒಳ್ಳೆಯದಾದರೆ ಮೂರು. ಸಮಯ ಇದ್ದರೆ ಅಕ್ಟೋಬರ್ ಅಥವಾ ಫೆಬ್ರವರಿಯಲ್ಲಿ, ಹೊಸ ಬೇರಿನ ಹಸಿರು ತುದಿ ಕಾಣುವಾಗ ಬದಲಾಯಿಸುವುದು ಇನ್ನೂ ಒಳ್ಳೆಯದು.

ಬದಲಾಯಿಸಿದ ಮೇಲೆ ಹಳೇ ರೂಢಿಯಲ್ಲಿ ನೀರು ಹಾಕಬೇಡಿ. ಕತ್ತರಿಸಿದ ಬೇರು ಒಣಗಲು ಮೂರು ನಾಲ್ಕು ದಿನ ಬಿಟ್ಟು ಶುರು ಮಾಡಿ. ಆಮೇಲೆ ಮೊದಲಿಗಿಂತ ಬೇಗ ಬೇಗ ಬೇಕಾಗುತ್ತದೆ, ಹೊಸ ತೊಗಟೆ ಹೆಚ್ಚು ಹಿಡಿಯುವುದಿಲ್ಲ. ಆರು ತಿಂಗಳ ನಂತರ ಅಂತರ ಹೆಚ್ಚಿಸಿ, ಎರಡನೇ ವರ್ಷ ಇನ್ನೂ ಹೆಚ್ಚಿಸಿ. ಜುಲೈನಲ್ಲಿ ನಾನು ಒಮ್ಮೊಮ್ಮೆ ಹನ್ನೆರಡು ದಿನ ನೀರೇ ಮುಟ್ಟಿಸಿದ್ದಿಲ್ಲ. ಮಾಡಿನ ಕೆಳಗಿದ್ದರೂ ಗಾಳಿಯ ತೇವವೇ ಸಾಕಾಗುತ್ತದೆ. ಇನ್ನೊಂದು ವಿಷಯ, ತೊಗಟೆ ಕೊಳೆಯಲು ಶುರುವಾದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ, ಎಲೆ ಹಳದಿಯಾಗುತ್ತದೆ. ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ 19:19:19 ಗೊಬ್ಬರವನ್ನು, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದನ್ನು, ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಕೊಡಿ. ಅದಕ್ಕಿಂತ ಜಾಸ್ತಿ ಬೇಡ.

ಕಾರವಾರದ ಹತ್ತಿರದ ಸದಾಶಿವಗಡದಿಂದ ಬಂದ ಅಕ್ಕ ಒಬ್ಬರು, ಕುಂಡದ ಅಂಚಿನಲ್ಲಿ, ಚಕ್ಕೆಯ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ ಅಂದರು. ಯಾವ ತಿಂಗಳಲ್ಲಿ ಅಂದೆ. ಏಪ್ರಿಲ್, ಮೇ ಅಂದರು. ಬಾವಿ ನೀರು ಬಾಯಿಗೆ ಹೇಗಿದೆ ಅಂದೆ. ಆ ಹೊತ್ತಿಗೆ ಸ್ವಲ್ಪ ಉಪ್ಪು ಅಂದರು. ಉತ್ತರ ಅವರೇ ಹೇಳಿದ ಹಾಗಾಯಿತು. ಬೇಸಿಗೆಯಲ್ಲಿ ಸಮುದ್ರದ ಹತ್ತಿರದ ಬಾವಿಗೆ ಉಪ್ಪುನೀರು ಸೇರುತ್ತದೆ, ಆರ್ಕಿಡ್ ಬೇರು ಉಪ್ಪು ತಾಳುವುದಿಲ್ಲ. ಎರಡು ಡ್ರಮ್ ಮಳೆ ನೀರನ್ನು ಸೊಳ್ಳೆ ಹೋಗದ ಹಾಗೆ ಬಟ್ಟೆ ಕಟ್ಟಿ ಇಟ್ಟುಕೊಳ್ಳಿ. ಮೂವತ್ತು ಕುಂಡಕ್ಕೆ ಆ ಎರಡು ತಿಂಗಳು ಪೂರ್ತಿ ಸಾಲದಿದ್ದರೂ, ವಾರಕ್ಕೊಮ್ಮೆ ತೊಳೆಯುವುದಕ್ಕಾದರೂ ಆಗುತ್ತದೆ.

ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಆರ್ಕಿಡ್‌ಗೂ ಸಿಂಪಡಿಸಬಹುದೇ ಅಂತ ಒಬ್ಬರು ಕೇಳಿದರು. ಬೇಡ. ಅದರಲ್ಲಿ ತಾಮ್ರ ಇದೆ. ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ, ಎಲೆ ಸುಟ್ಟು ಉದುರುತ್ತದೆ. ತೋಟದಲ್ಲಿ ಔಷಧಿ ಹೊಡೆಯುವ ದಿನ ಹತ್ತಿರದ ಕುಂಡಗಳನ್ನು ಒಳಗಿಡಿ. ಬಸವನಹುಳುಗಳನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಹಗಲು ತೊಗಟೆಯ ಸಂದಿಯಲ್ಲಿ ಅಡಗಿದ್ದು, ರಾತ್ರಿ ಎಳೆ ಬೇರಿನ ತುದಿ ತಿನ್ನುತ್ತವೆ. ಟಾರ್ಚ್ ಹಿಡಿದು ಹೋಗಿ ಕೈಯಿಂದಲೇ ಹೆಕ್ಕುವುದು ನನ್ನ ಉಪಾಯ.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು, ಬೇರುಗಳು ಕುಂಡದಿಂದ ಹೊರಗೆ ಬಂದು ಗಾಳಿಯಲ್ಲಿ ನೇತಾಡುತ್ತಿವೆ, ಚೆನ್ನಾಗಿ ಕಾಣುವುದಿಲ್ಲ, ಅಮ್ಮ ಕತ್ತರಿಸು ಅನ್ನುತ್ತಾರೆ ಅಂತ. ಬೇರಿನ ಬಣ್ಣ ಏನು ಅಂತ ಕೇಳಿದೆ. ಬೆಳ್ಳಿ ಬಣ್ಣ, ತುದಿ ಹಸಿರು ಅಂದಳು. ಕತ್ತರಿಸಬೇಡ ಅಂದೆ. ನೀರು ಹಾಕುವಾಗ ಅವುಗಳ ಮೇಲೂ ಒಂದು ಚೊಂಬು ಸುರಿ, ಹಸಿರಾಗುವುದನ್ನು ಅಮ್ಮನನ್ನು ಕರೆದು ತೋರಿಸು.